ಮುಚ್ಚಳದ ಮೇಲಿನ ಅಕ್ಷರ

ಸಿರಿ ಪಾತ್ರೆ ಒರೆಸಿ ಜೋಡಿಸುತ್ತಿದ್ದಳು. ಒಂದು ತಟ್ಟೆಯ ಮೇಲೆ ಇನ್ನೊಂದನ್ನು ಇಡುವಾಗ ನಡುವೆ ಬೆರಳು ಕೊಟ್ಟು, ಆಮೇಲೆ ಬೆರಳನ್ನು ಮೆಲ್ಲಗೆ ಎಳೆದುಕೊಂಡರೆ ಸದ್ದಾಗುವುದಿಲ್ಲ. ಪಕ್ಕದ ಕೋಣೆಯಲ್ಲಿ ದೊಡ್ಡಮ್ಮ ಮೀನಾಕ್ಷಮ್ಮ ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದರು. ಅಷ್ಟು ಹೊತ್ತು ಗಿರಿನಗರದ ಆ ಮನೆಯಲ್ಲಿ ಕುಕ್ಕರ್ ಕೂಡ ಕೂಗುವಂತಿರಲಿಲ್ಲ. ದಿನವಿಡೀ ಬಾಯಿ ಮುಚ್ಚದ ದೊಡ್ಡಮ್ಮ ಪೂಜೆಯ ಹೊತ್ತಿನಲ್ಲಿ ಮಾತ್ರ ಯಾರು ಕರೆದರೂ ಓಗೊಡುತ್ತಿರಲಿಲ್ಲ.

ಒರೆಸುವಾಗ ಸಿರಿಯ ಹೆಬ್ಬೆರಳು ತಾನಾಗಿಯೇ ಹೆಸರುಗಳ ಮೇಲೆ ಹೋಗುತ್ತಿತ್ತು. ಮನೆಯ ಪ್ರತಿ ಪಾತ್ರೆಯ ಮೇಲೂ ಒಂದು ಹೆಸರಿತ್ತು. ಹಿತ್ತಾಳೆ ಹಂಡೆಯ ಮೇಲೆ ದೊಡ್ಡಮ್ಮನ ಅತ್ತೆ ಈಶ್ವರಮ್ಮನದು, ಸ್ಟೀಲ್ ಡಬ್ಬಗಳ ಮೇಲೆ ‘ಮೀನಾಕ್ಷಮ್ಮ ಶಾಂತವೀರಪ್ಪ’, ಒಂದು ಪುಟ್ಟ ಬಟ್ಟಲಿನ ಮೇಲೆ ‘ಚಿ. ಶಿವಕಿರಣ್, ನಾಮಕರಣದ ನೆನಪಿಗೆ’. ಶಿವಕಿರಣ್ ದೊಡ್ಡಮ್ಮನ ಮಗ. ಈಗ ಹೆಂಡತಿಯೊಡನೆ ಬಿಳೇಕಹಳ್ಳಿಯಲ್ಲಿ ಮನೆ ಮಾಡಿದ್ದ. ಅವನ ಬಟ್ಟಲು ಮಾತ್ರ ಇಲ್ಲೇ ಉಳಿದಿತ್ತು. ಮದುವೆ, ಗೃಹಪ್ರವೇಶ ಎಂದು ಪಾತ್ರೆಗಳು ನೆಂಟರ ಮನೆಗಳನ್ನೆಲ್ಲ ಸುತ್ತಿ ಬರುತ್ತವೆ, ಹೆಸರಿದ್ದರೆ ಮಾತ್ರ ತಿರುಗಿ ಮನೆ ಸೇರುತ್ತವೆ ಎಂಬುದು ದೊಡ್ಡಮ್ಮನ ನಂಬಿಕೆ. ಹೆಸರು ಹಾಕಿಸದ ಪಾತ್ರೆಯನ್ನು ಅವರು ಒಲೆಗೆ ಏರಿಸುತ್ತಿರಲಿಲ್ಲ.

ಸಿರಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಮ್ಮ ತೀರಿಕೊಂಡ ಮೇಲೆ ಈ ಮನೆಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಊಟ ಬಟ್ಟೆಗೂ ಬೈಗುಳಕ್ಕೂ ಇಲ್ಲಿ ಕಡಿಮೆ ಇರಲಿಲ್ಲ. ಮಗನಿಗೆ ಕೊಟ್ಟಷ್ಟೇ ಧಾರಾಳವಾಗಿ ದೊಡ್ಡಮ್ಮ ಅವಳಿಗೂ ಕೊಟ್ಟಿದ್ದರು. ಆದರೂ ಹೊಸಬರು ಯಾರಾದರೂ ಬಂದು ಈ ಹುಡುಗಿ ಯಾರು ಎಂದು ಕೇಳಿದರೆ, “ನಮ್ ತಂಗಿ ಮಗಳು, ಇಲ್ಲೇ ಇರ್ತಾಳೆ” ಎನ್ನುತ್ತಿದ್ದರು. ಬಾಗಿಲ ಹಿಂದೆ ನಿಂತು ಸಿರಿ ಆ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳೋ. ಇಲ್ಲೇ ಇರ್ತಾಳೆ. ಮಹಡಿಯ ಮೇಲಿನ ಬಾಡಿಗೆಯವರೂ ಇಲ್ಲೇ ಇರುತ್ತಾರೆ. ಈ ಶೆಲ್ಫಿನ ಮೇಲೆ ತನ್ನ ಹೆಸರಿನದೂ ಒಂದು ಪಾತ್ರೆ ಇರಬೇಕು ಎಂಬ ಆಸೆ ಅವಳಿಗೆ ಯಾವಾಗ ಹುಟ್ಟಿತೋ ಅವಳಿಗೇ ಗೊತ್ತಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಆಸೆಯೂ ಅದಲ್ಲ.

ಹೇಳಲು ಆದದ್ದು ಬ್ರೆಡ್ಡಿನ ವಿಷಯ. ಮಹಡಿಯ ಮೇಲಿನ ಶಾಲಿನಿ ಒಮ್ಮೆ ತಾವೇ ಸುಟ್ಟ ಬ್ರೆಡ್ ತಂದುಕೊಟ್ಟಿದ್ದರು. ಬೇಕರಿಯ ಮೆತ್ತನೆಯ ಬ್ರೆಡ್ ಅಲ್ಲ. ಹೊರಗೆ ಗಟ್ಟಿ ಕಂದು ಸಿಪ್ಪೆ, ಒತ್ತಿದರೆ ಒಣಗಿದ ಎಲೆ ತುಳಿದಂತೆ ಸದ್ದು. ಸಿರಿ ಅದನ್ನು ತಿನ್ನುವ ಮೊದಲು ಕಿವಿಯ ಹತ್ತಿರ ಹಿಡಿದುಕೊಂಡಿದ್ದಳು. ಅಂಥ ಸಿಪ್ಪೆ ಬರಬೇಕಾದರೆ ಮುಚ್ಚಳವಿರುವ ಭಾರದ ಬೀಡುಕಬ್ಬಿಣದ ಪಾತ್ರೆ ಬೇಕು, ಹಿಟ್ಟಿನ ಹಬೆಯಲ್ಲೇ ಹಿಟ್ಟು ಬೇಯಬೇಕು, ಅಂಥ ಪಾತ್ರೆಯನ್ನು ಡಚ್ ಅವನ್ ಅನ್ನುತ್ತಾರೆ ಎಂದು ಶಾಲಿನಿ ಹೇಳಿದ್ದರು. ಶಿವಕಿರಣ್ ಬಿಟ್ಟುಹೋದ ದೊಡ್ಡ ಕರೆಂಟ್ ಅವನ್ ಮನೆಯಲ್ಲೇ ಇತ್ತು. ಸೀರೆಗೆ ಫಾಲ್ ಹೊಲಿದು ಕೂಡಿಟ್ಟ ದುಡ್ಡೂ ಇತ್ತು.

ಪೂಜೆ ಮುಗಿಸಿ ಬಂದ ದೊಡ್ಡಮ್ಮನಿಗೆ ಕಾಫಿ ಕೊಡುತ್ತಾ ಸಿರಿ ಹೇಗೋ ಬಾಯಿ ಬಿಟ್ಟಳು.

“ಡಚ್ಚವನ್ನಾ?” ಎಂದರು ದೊಡ್ಡಮ್ಮ. “ಅದೇನೇ ಅದು? ಅವನ್ ಒಳಗೆ ಇಡೋಕೆ ಇನ್ನೊಂದ್ ಅವನ್ನಾ?”

“ಪಾತ್ರೆ ದೊಡ್ಡಮ್ಮ. ಕಬ್ಬಿಣದ್ದು. ಮೇಲೆ ಗಾಜಿನ ಥರ ಬಣ್ಣ ಕಾಯ್ಸಿ ಕೂರ್ಸಿರ್ತಾರೆ. ತುಕ್ಕು ಹಿಡಿಯಲ್ಲ.”

“ಕೇಳಿದ್ರಾ?” ದೊಡ್ಡಮ್ಮ ನಡುಮನೆಯ ಕಡೆ ಕೂಗಿದರು. “ನಿಮ್ ಹುಡುಗಿ ಬಾಯಿ ತೆಗ್ದಿದಾಳೆ, ಅದೂ ಒಂದೇ ಉಸಿರಲ್ಲಿ ಇಷ್ಟುದ್ದ!”

“ಕೊಡ್ಸು ಹೋಗೇ,” ಎಂದರು ದೊಡ್ಡಪ್ಪ ಶಾಂತವೀರಪ್ಪ, ಪೇಪರಿನಿಂದ ತಲೆ ಎತ್ತದೆ. “ಹೆಸರು ಹಾಕ್ಸೋಕೆ ನಿಂಗೂ ಒಂದ್ ನೆಪ ಆಗುತ್ತೆ. ಮನೇಲಿ ಹೆಸರಿಲ್ಲದ್ದು ಅಂದ್ರೆ ನಾನೊಬ್ನೇ ಉಳ್ದಿರೋದು.”

ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿಗೆ ಹೋದರು. ಹೊರಡುವ ಮೊದಲು ಸಿರಿ ಒಂದು ದಾರ ತೆಗೆದುಕೊಂಡು ಅವನ್‌ನ ಒಳಗಿನ ಎತ್ತರಕ್ಕೆ ಒಂದು ಗಂಟು, ಅಗಲಕ್ಕೆ ಇನ್ನೊಂದು ಗಂಟು ಹಾಕಿ ಪರ್ಸಿನಲ್ಲಿಟ್ಟುಕೊಂಡಿದ್ದಳು.

ಅಂಗಡಿಯ ಗಾಜಿನ ಬೀರುವಿನಲ್ಲಿ ಮೊದಲು ಕಂಡವು ಹೊರದೇಶದ ಪಾತ್ರೆಗಳು. ಕಿತ್ತಳೆ, ಕಡು ನೀಲಿ, ಮಾಗಿದ ಚೆರ್ರಿಯ ಕೆಂಪು. ಸಿರಿ ಒಂದರ ಬೆಲೆಚೀಟಿಯನ್ನು ತಿರುಗಿಸಿ ನೋಡಿ, ಹೇಗಿತ್ತೋ ಹಾಗೇ ಮತ್ತೆ ತಿರುಗಿಸಿಟ್ಟಳು. ಕೆಳಗಿನ ಸಾಲಿನಲ್ಲಿ ಇಲ್ಲೇ ತಯಾರಾದವು ಇದ್ದವು. ಅವುಗಳ ಮುಂದೆ ಮೊಣಕಾಲೂರಿ ಕೂತಳು.

“ಈ ರೆಡ್ ತಗೊಳ್ಳಿ ಆಂಟಿ, ಇದೇ ಜಾಸ್ತಿ ಹೋಗೋದು,” ಎಂದಳು ಅಂಗಡಿಯ ಹುಡುಗಿ.

ದೊಡ್ಡಮ್ಮ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. “ಅಯ್ಯೋ ಶಿವನೇ! ಪಾತ್ರೆನೋ ಒಳಕಲ್ಲೋ? ಇದು ತೂಕದ ಲೆಕ್ಕಾನಾ, ಪೀಸ್ ಲೆಕ್ಕಾನಾ?”

“ಪೀಸ್ ಲೆಕ್ಕ ಆಂಟಿ.”

“ತೂಕ ಹಾಕ್ದೇ ಪಾತ್ರೆ ಮಾರ್ತಾರೇನಮ್ಮ?”

ಸಿರಿ ಒಂದೊಂದನ್ನೇ ನೋಡುತ್ತಿದ್ದಳು. ಕೆಂಪು ಪಾತ್ರೆಯ ಮುಚ್ಚಳದ ಗುಂಡಿ ಪ್ಲಾಸ್ಟಿಕ್ಕಿನದು. ಅಷ್ಟು ಕಾವಿಗೆ ನಿಲ್ಲುತ್ತದೋ ಇಲ್ಲವೋ. ಪಕ್ಕದ ಹಸಿರಿನದಕ್ಕೆ ಸ್ಟೀಲ್ ಗುಂಡಿಯಿತ್ತು, ಆದರೆ ದಾರ ಹಿಡಿದು ನೋಡಿದರೆ ಗಂಟಿಗಿಂತ ಎತ್ತರ. ಇನ್ನೊಂದರ ಹಿಡಿ ಎಷ್ಟು ಕಿರಿದೆಂದರೆ ಮಡಿಸಿದ ಬಟ್ಟೆಯ ಜೊತೆ ಬೆರಳು ತೂರುವಂತಿರಲಿಲ್ಲ. ಕೊನೆಯಲ್ಲಿ, ಮೂಲೆಯಲ್ಲಿ, ಬೂದಿಗೆ ಸ್ವಲ್ಪ ನೀಲಿ ಬೆರೆಸಿದಂಥ ಬಣ್ಣದ್ದೊಂದು ಗಿಡ್ಡ ಪಾತ್ರೆ ಕಂಡಿತು. ಮುಚ್ಚಳ ಇಟ್ಟು ಅಲ್ಲಾಡಿಸಿದಳು, ಅದು ಕುಣಿಯಲಿಲ್ಲ. ಒಳಗೆ ಕೆನೆಬಣ್ಣದ ಲೇಪ. ಕಣ್ಣು ಮುಚ್ಚಿ ಬೆರಳ ತುದಿಯಿಂದ ತಳವನ್ನೆಲ್ಲ ಸವರಿದಳು. ಎಲ್ಲೂ ಮೊಡವೆಯಂಥ ಗುಳ್ಳೆಯಿಲ್ಲ, ಸೀಳಿಲ್ಲ. ದಾರಕ್ಕೂ ಸರಿಹೋಯಿತು.

“ಅದು ಡಿಸ್ಪ್ಲೇ ಪೀಸ್, ಬಾಕ್ಸ್ ಇಲ್ಲ. ಕಮ್ಮಿಗೆ ಕೊಡ್ತಾರೆ. ಆದ್ರೆ ಆ ಕಲರ್ ಯಾರೂ ಕೇಳಲ್ಲ ಅಕ್ಕ,” ಎಂದಳು ಹುಡುಗಿ.

“ಇದೇ ಇರ್ಲಿ,” ಎಂದಳು ಸಿರಿ. ತನ್ನ ದನಿ ಅಷ್ಟು ಸ್ಪಷ್ಟವಾಗಿ ಬಂದದ್ದು ಕೇಳಿ ತಾನೇ ತಲೆ ತಗ್ಗಿಸಿದಳು.

ದೊಡ್ಡಮ್ಮ ಬಿಲ್ ಕೌಂಟರಿನ ಹತ್ತಿರ ಇನ್ನೊಂದು ತಕರಾರು ತೆಗೆದರು. “ಹೆಸರು ಎಲ್ಲಿ ಹಾಕೋದು ಇಲ್ಲಿ?”

“ಏನ್ ಹೆಸರು ಆಂಟಿ?”

“ಪಾತ್ರೆ ಮೇಲೆ ಹೆಸರಮ್ಮಾ!”

“ಅದೆಲ್ಲ ನಾವು ಹಾಕಲ್ಲ.”

“ಇಷ್ಟು ದುಡ್ಡು ತಗೊಂಡು ಹೆಸರು ಹಾಕ್ದೇ ಕಳಿಸ್ತಾರಂತೆ. ನಡಿಯೇ, ಬೋರಯ್ಯನ ಅಂಗಡಿಗೆ ಹೋಗೋಣ.”

ಆಟೋದಲ್ಲಿ ಸಿರಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಳಗಡೆ ಒಂದು ಚೀಟಿ ಅಂಟಿಸಿತ್ತು, ಓದಲು ಬಾರದವರಿಗೂ ತಿಳಿಯುವಂಥ ಚಿತ್ರಗಳು. ಖಾಲಿ ಪಾತ್ರೆಯನ್ನು ಉರಿಯ ಮೇಲೆ ಇಟ್ಟ ಚಿತ್ರಕ್ಕೆ ಅಡ್ಡ ಗೆರೆ. ತಂತಿ ನಾರಿಗೆ ಅಡ್ಡ ಗೆರೆ. ಚಾಕುವಿನ ಮೊನೆಗೆ ಅಡ್ಡ ಗೆರೆ. ಅವಳು ಅದನ್ನು ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ದೊಡ್ಡಮ್ಮ ಆಟೋದವನೊಡನೆ ಬನಶಂಕರಿಯ ಟ್ರಾಫಿಕ್ಕಿನ ಬಗ್ಗೆ ಜಗಳಕ್ಕೂ ಹರಟೆಗೂ ನಡುವಿನದೇನೋ ಮಾಡುತ್ತಿದ್ದರು.

ಬೋರಯ್ಯನ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಕೊಡಗಳು ಬಾಗಿಲ ತನಕ ತೂಗಾಡುತ್ತಿದ್ದವು. ಬೋರಯ್ಯ ಕೆತ್ತುವ ಮೆಷಿನ್ನನ್ನು ಕೈಗೆ ತೆಗೆದುಕೊಂಡವರು ಪಾತ್ರೆಯನ್ನು ನೋಡಿ ಅನುಮಾನಿಸಿದರು. ಮುಚ್ಚಳವನ್ನು ಉಗುರಿನಿಂದ ತಟ್ಟಿದರು.

“ಇದು ಗಾಜಿನ ಥರ ಕೇಳಿಸ್ತದಲ್ಲಮ್ಮ. ಸ್ಟೀಲಾದ್ರೆ ಕಣ್ಮುಚ್ಕೊಂಡು ಹಾಕ್ತೀನಿ. ಇದಕ್ಕೆ ಯಾವತ್ತೂ ಹಾಕಿಲ್ಲ.”

“ಕುಕ್ಕರಿಗೆ ಹಾಕಿದ್ದೀಯ, ಇಡ್ಲಿ ಪಾತ್ರೆಗೆ ಹಾಕಿದ್ದೀಯ, ನಮ್ಮನೆಯವ್ರ ಟಾರ್ಚಿಗೂ ಹಾಕಿದ್ದೀಯ. ಇದಕ್ಕೇನು ಕೊಂಬು ಬಂದಿದ್ಯಾ?”

“ಆಯ್ತು ತಾಯಿ. ಮೀನಾಕ್ಷಮ್ಮ ಶಾಂತವೀರಪ್ಪ ಅಂತ್ಲೇ ತಾನೆ?”

“ನನ್ ಹೆಸರ್ಯಾಕೆ? ನಾನೇನು ಈ ವಯಸ್ಸಲ್ಲಿ ಬ್ರೆಡ್ ಸುಡೋಕೆ ಹೋಗ್ತೀನಾ? ಸಿರಿ ಅಂತ ಹಾಕು. ದೊಡ್ಡದಾಗಿ ಹಾಕು, ಚೆನ್ನಾಗ್ ಕಾಣ್ಲಿ.”

ಸಿರಿಗೆ ಕೊಡಗಳೆಲ್ಲ ಒಟ್ಟಿಗೆ ತೂಗಿದಂತಾಯಿತು. ದೊಡ್ಡಮ್ಮ ಅದನ್ನು ಸೊಪ್ಪಿನವನಿಗೆ ಎರಡು ಕಟ್ಟು ಕೊಡು ಎಂದಷ್ಟೇ ಸಲೀಸಾಗಿ ಹೇಳಿದ್ದರು. ಹೇಳಿ, ಆಗಲೇ ಗೋಡೆಯ ಮೇಲಿನ ಹೊಸ ಜಾಲರಿ ಸೌಟುಗಳನ್ನು ನೋಡುತ್ತಿದ್ದರು.

ಬೋರಯ್ಯ ಕನ್ನಡಕದ ಮೇಲಿಂದ ಸಿರಿಯನ್ನು ನೋಡಿದರು. “ಹಾಕ್ಲಾ ಮಗಳೇ? ಕಿತ್ತು ಬಂದ್ರೆ ನನ್ನ ಕೇಳ್ಬಾರ್ದು.”

ಚಾಕುವಿನ ಮೊನೆ, ಅದರ ಮೇಲಿನ ಅಡ್ಡ ಗೆರೆ ಎರಡೂ ಅವಳ ಕಣ್ಣ ಮುಂದಿದ್ದವು. ಬೇಡ ಎಂದರೆ ಸಾಕಿತ್ತು. ಪಾತ್ರೆ ಹಾಗೇ ನುಣ್ಣಗೆ ಉಳಿಯುತ್ತಿತ್ತು, ಹೆಸರಿಲ್ಲದೆ. ಸಿರಿ ತಲೆಯಾಡಿಸಿದಳು, ಹಾಕಿ ಎಂದು.

ಮೆಷಿನ್ನು ಗುರ್ರೆಂದಿತು. ಮುಚ್ಚಳದ ಮೇಲೆ ಸಣ್ಣ ಬಿಳಿ ಪುಡಿ ಎದ್ದಿತು. ಬೋರಯ್ಯ ಉಸಿರು ಹಿಡಿದು ‘ಸಿ’ ಬರೆದರು. ಸೊಟ್ಟಗಿದ್ದರೂ ಅದು ‘ಸಿ’ಯೇ. ಎರಡನೆಯದಕ್ಕೆ ಮೊನೆ ಊರಿದ್ದೇ ತಡ, ಚಟ್ ಎಂದು ಬೆರಳಿನ ಉಗುರಿನಷ್ಟು ಚೂರು ಸಿಡಿದು ಗಲ್ಲಾಪೆಟ್ಟಿಗೆಯ ಕಡೆ ಹಾರಿತು. ಮೆಷಿನ್ನು ನಿಂತಿತು. ನೀಲಿಬೂದಿಯ ನಡುವೆ ಕಪ್ಪು ಕಬ್ಬಿಣ ಕಾಣಿಸಿಕೊಂಡಿತ್ತು.

“ನಾನು ಹೇಳ್ದೆ,” ಎಂದರು ಬೋರಯ್ಯ. ಕೆತ್ತಿದ್ದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ದೊಡ್ಡಮ್ಮ ಹೊರಗೆ ಹೋಗಿ ಆಟೋ ನಿಲ್ಲಿಸಿದರು. ಸಿಗ್ನಲ್ಲಿನಲ್ಲಿ ಒಬ್ಬ ಬೈಕಿನವನು ಅಡ್ಡ ನುಗ್ಗಿದರೂ ಅವರ ಬಾಯಿಂದ ಒಂದು ಮಾತು ಹೊರಡಲಿಲ್ಲ. ಸಿರಿ ತೊಡೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ತಿರುಗಿಸಿ ನೋಡಿದಳು; ಒಳಗಿನ ಲೇಪಕ್ಕೆ ಏನೂ ಆಗಿರಲಿಲ್ಲ. ‘ದೊಡ್ಡಮ್ಮ, ಒಳಗಡೆ ಚೆನ್ನಾಗೇ ಇದೆ’ ಎನ್ನಬೇಕೆಂದುಕೊಂಡಳು. ಅಂದುಕೊಳ್ಳುತ್ತಿರುವಾಗಲೇ ಮನೆ ಬಂತು.

ಆ ರಾತ್ರಿ ಊಟಕ್ಕೆ ಬಡಿಸಲು ಹೊರಟಾಗ ನಡುಮನೆಯಿಂದ ದೊಡ್ಡಮ್ಮನ ದನಿ ಕೇಳಿಸಿತು. ಅಷ್ಟು ತಗ್ಗಿದ ದನಿಯನ್ನು ಸಿರಿ ಆ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

“ಪಾಪದ್ದು, ಬಂದಾಗಿಂದ ಏನೂ ಕೇಳಿಲ್ಲ. ಒಂದ್ ಪಾತ್ರೆ ಆಸೆ ಪಡ್ತು. ಅದನ್ನೂ ಕೆಡಿಸ್ಬಿಟ್ಟು ಬಂದೆ.”

“ಹೋಗ್ಲಿ ಬಿಡೇ,” ಎಂದರು ದೊಡ್ಡಪ್ಪ.

ಸಿರಿ ಸೌಟು ಹಿಡಿದು ಬಾಗಿಲ ಹಿಂದೆಯೇ ನಿಂತಳು. ಕೆಟ್ಟಿಲ್ಲ ಎನ್ನಬೇಕು. ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ತಲೆಯಾಡಿಸಿದೆ ಎನ್ನಬೇಕು. ಸಾರು ಆರುತ್ತಿತ್ತು. ಅವಳು ಹೋಗಿ ಬಡಿಸಿದಳು.

ಮರುದಿನ ಹಿಟ್ಟು ಕಲಸಿ, ಹುದುಗು ಬಂದ ಮೇಲೆ ಅದನ್ನು ಪಾತ್ರೆಗಿಟ್ಟು ಮುಚ್ಚಳ ಹಾಕಿದಳು. ಹೆಸರು ಪೂರ್ತಿಯಾಗದ ಪಾತ್ರೆಯೊಂದು ಮೊದಲ ಸಲ ಆ ಅಡುಗೆಮನೆಯಲ್ಲಿ ಕಾವು ಕಂಡಿತು. ದೊಡ್ಡಮ್ಮ ಹುರುಳಿಕಾಯಿ ಬಿಡಿಸುತ್ತಾ ಅತ್ತ ನೋಡಲೇ ಇಲ್ಲ. ಬ್ರೆಡ್ ಉಬ್ಬಿ, ಒಂದು ಕಡೆ ಸ್ವಲ್ಪ ಸೀದು ಬಂತು. ಹೊರಗೆ ತೆಗೆದಿಟ್ಟಾಗ ಸಿಪ್ಪೆ ತನ್ನಷ್ಟಕ್ಕೆ ಚಿಟಿಚಿಟಿ ಎನ್ನುತ್ತಿತ್ತು. ಸಿರಿ ಬಗ್ಗಿ ಕೇಳಿಸಿಕೊಂಡಳು.

“ಸಖತ್ತಾಗಿದೆ ಕಣಮ್ಮ,” ಎಂದರು ದೊಡ್ಡಪ್ಪ, ಒಂದು ತುಂಡನ್ನು ಸಾರಿನಲ್ಲಿ ಅದ್ದುತ್ತಾ. “ಹಲ್ಲಿಗೊಂದಿಷ್ಟು ಕೆಲ್ಸ.”

“ನಂಗೆ ಬೇಡ,” ಎಂದರು ದೊಡ್ಡಮ್ಮ. “ಹಲ್ಲು ಸರಿಯಿಲ್ಲ.” ನಿಪ್ಪಟ್ಟನ್ನು ಕಟಕಟ ಕಡಿಯುವ ಹಲ್ಲು ಅವರದು.

ಆಮೇಲೂ ದೊಡ್ಡಮ್ಮ ಎಲ್ಲ ಮಾತಾಡುತ್ತಿದ್ದರು. ನೀರಿನ ಟ್ಯಾಂಕರ್, ಸೊಸೆ, ಪಕ್ಕದ ಮನೆಯ ನಾಯಿ. ಕಣ್ಣು ಶೆಲ್ಫಿನ ಆ ಮೂಲೆಗೆ ಹೋದರೆ ಮಾತ್ರ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಲೇಪ ಹೋದ ಜಾಗ ತುಕ್ಕು ಹಿಡಿಯಬಾರದೆಂದು ಸಿರಿ ಅಲ್ಲಿಗೆ ಎಣ್ಣೆ ಸವರುವುದನ್ನು ರೂಢಿ ಮಾಡಿಕೊಂಡಳು.

ಒಂದು ಬೆಳಿಗ್ಗೆ, ಪೂಜೆಯ ಹೊತ್ತಿಗೆ, ಎಣ್ಣೆಯ ಬಟ್ಟೆ ಹಿಡಿದು ಶೆಲ್ಫಿನ ಹತ್ತಿರ ಹೋದವಳು ತಡೆದು ನಿಂತಳು. ಕಪ್ಪು ಜಾಗ ಆಗಲೇ ಮಿರುಗುತ್ತಿತ್ತು. ಮುಟ್ಟಿ ಮೂಸಿ ನೋಡಿದಳು. ತಾನು ಹಚ್ಚುತ್ತಿದ್ದದ್ದು ಕಡಲೆಕಾಯಿ ಎಣ್ಣೆ. ಇದು ಹರಳೆಣ್ಣೆ, ದೊಡ್ಡಮ್ಮ ತಮ್ಮ ರೊಟ್ಟಿ ಹಂಚಿಗೆ ಬಿಟ್ಟು ಬೇರೆ ಯಾವುದಕ್ಕೂ ಹಚ್ಚದ ಎಣ್ಣೆ. ಬೆರಳು ಹಾಗೇ ಜಾರಿ ‘ಸಿ’ಯ ಮೇಲೆ ಬಂತು.

ಅವಳು ಮುಚ್ಚಳವನ್ನು ಎರಡು ಕೈಯಲ್ಲೂ ಹಿಡಿದು ಪೂಜೆಯ ಕೋಣೆಯ ಬಾಗಿಲಿಗೆ ಹೋದಳು. ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅಂಗೈಯಲ್ಲಿ ಲಿಂಗವಿತ್ತು, ಅದರ ಮೇಲೊಂದು ಬಿಳಿ ಹೂವು. ಇದೊಂದು ಹೊತ್ತಿನಲ್ಲಿ ಅವರು ತಿರುಗಿ ನೋಡುವುದಿಲ್ಲ, ನಗುವುದಿಲ್ಲ, ದೊಡ್ಡಪ್ಪನನ್ನು ಕೂಗಿ ಕರೆಯುವುದಿಲ್ಲ. ಆ ಧೈರ್ಯದ ಮೇಲೆಯೇ ಸಿರಿ ಬಾಯಿ ತೆರೆದಳು.

“ದೊಡ್ಡಮ್ಮ,” ಎಂದಳು. “ಬೋರಯ್ಯನ ಅಂಗಡಿಗೆ ಇನ್ನೊಂದ್ಸಲ ಕರ್ಕೊಂಡ್ ಹೋಗಿ. ಉಳಿದ ಅಕ್ಷರಾನೂ ಹಾಕ್ಸಿಕೊಡಿ.”