ಅಂಗೈಯ ಮೇಲಿನ ಅಮ್ಮ

ಹಾಲಹರವಿ ಹತ್ತಿರದ ಆ ಹಳ್ಳಿಯಲ್ಲಿ ಗಾದಿಲಿಂಗಮ್ಮನ ಮನೆಯೆಂದರೆ ಬಾಗಿಲಲ್ಲೇ ಉಣ್ಣೆಯ ವಾಸನೆ ಬರುತ್ತಿತ್ತು. ಬೆಳಗಾದರೆ ಮುದುಕಿ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುವಳು, ಸೊಸೆ ಲಿಂಗಕ್ಕ ಒಳಗೆ ರೊಟ್ಟಿ ಬಡಿಯುವಳು, ಮಗ ಮಾರೆಪ್ಪ ಕುರಿ ಮಾರಲು ಬಳ್ಳಾರಿ ಸಂತೆಗೆ ಹೋಗುವನು. ಹೋದರೆ ಎರಡು ಮೂರು ದಿನ ಅತ್ತಲೇ. ಅಲ್ಲಿ ಎಲ್ಲಿ ಉಳಿಯುತ್ತಾನೆಂದು ಯಾರೂ ಕೇಳುತ್ತಿರಲಿಲ್ಲ. ಗಂಡಸು, ದುಡಿದು ತರುತ್ತಾನೆ, ಇನ್ನೇನು ಬೇಕು!

ಮದುವೆಯಾದ ವರ್ಷವೇ ಅವನ ಅಂಗೈ ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಕಲೆಗಳೆದ್ದವು. ತುರಿಕೆಯಿಲ್ಲ, ನೋವಿಲ್ಲ. ಅದಕ್ಕೂ ಮೊದಲು ಮರೆಯ ಜಾಗದಲ್ಲಿ ಒಂದು ಹುಣ್ಣಾಗಿ ತಾನೇ ಮಾಯ್ದಿತ್ತು. ಅದನ್ನವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಕಲೆ ಕಂಡದ್ದೇ ತಡ, ಗಾದಿಲಿಂಗಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಆ ಸೀಮೆಯಲ್ಲಿ ಮೈಮೇಲೆ ಏನೇ ಎದ್ದರೂ ಅದು ಮಾರೆಮ್ಮ ತಾಯಿಯೇ. ತಾಯಿ ಕೂತ ಮೈಗೆ ಔಷಧ ಕೂಡದು, ಸೂಜಿಯಂತೂ ಕೂಡಲೇ ಕೂಡದು. ಮೊಸರನ್ನದ ಎಡೆಯಾಯಿತು, ಕೋಳಿಯೂ ಬಿತ್ತು. ಕೆಲವು ವಾರಗಳಲ್ಲಿ ಕಲೆಗಳು ಅಳಿಸಿಹೋದವು, ತಾಯಿ ಒಲಿದಳೆಂದು ಊರು ನಂಬಿತು. ಪಾಪ, ಆ ತಾಯಿಗೆ ಈ ವ್ಯವಹಾರವೇ ಗೊತ್ತಿರಲಿಕ್ಕಿಲ್ಲ.

ಆಮೇಲೆ ಲಿಂಗಕ್ಕನಿಗೆ ಬಸಿರು ನಿಲ್ಲುತ್ತಿತ್ತು, ಕೂಸು ಉಳಿಯುತ್ತಿರಲಿಲ್ಲ. ಮೊದಲನೆಯದು ಸತ್ತೇ ಹುಟ್ಟಿತು, ಎರಡನೆಯದೂ ಹಾಗೇ. ಮೂರನೆಯದು ಹೆಣ್ಣು. ಅತ್ತಿತು, ಹಾಲು ಕುಡಿಯಿತು, ಬೆರಳು ಹಿಡಿಯಿತು. ಮೈತುಂಬ ಬೊಕ್ಕೆಯೆದ್ದು ತಿಂಗಳೊಳಗೆ ಹೋಯಿತು. ಅದಕ್ಕೂ ಬೇವಿನ ಸೊಪ್ಪನ್ನೇ ಕಟ್ಟಿದ್ದರು.

ಅತ್ತೆ ಕೆಟ್ಟವಳೇನಲ್ಲ, ಬಾಣಂತನವನ್ನೆಲ್ಲ ತಾನೇ ಮಾಡಿದವಳು. ಆದರೆ ದೋಷ ಸೊಸೆಯ ಹೊಟ್ಟೆಯಲ್ಲಿದೆ ಎಂದು ಅವಳ ಮನಸ್ಸು ಗಟ್ಟಿಯಾಯಿತು. ಬೇರೆ ಮನೆಯ ಹೆಣ್ಣು ತಂದರೆ ಸವತಿ ಜಗಳ. ಲಿಂಗಕ್ಕನ ತಂಗಿ ಶಂಕರಮ್ಮನನ್ನೇ ತಂದರೆ ಅಕ್ಕತಂಗಿ ಹೊಂದಿಕೊಂಡು ಹೋಗುತ್ತಾರೆ. ಅಲ್ಲೆಲ್ಲ ಹಾಗೆ ಮಾಡುವುದೇ ರೂಢಿ. ಹಾಲಹರವಿಯಲ್ಲಿದ್ದ ಅವರ ತಂದೆ ಭೀಮಲಿಂಗಪ್ಪನೂ, ಹಿರಿಯವಳು ಮನೆಬಿಟ್ಟು ಬರುವಂತಾಗದಿದ್ದರೆ ಸಾಕೆಂದು ಒಪ್ಪಿದ. ವೀಳ್ಯದ ದಿನ ಗೊತ್ತಾಯಿತು.

ಅಷ್ಟರಲ್ಲಿ ಲಿಂಗಕ್ಕ ಹೊಟ್ಟೆನೋವೆಂದು ಆದೋನಿಯ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕಾವೇರಿಬಾಯಿ ಮೂರು ಕೂಸುಗಳ ಕಥೆ ಕೇಳಿ, ಗಂಡನ ಮೈಮೇಲೆ ಏನಾದರೂ ಎದ್ದಿತ್ತೇ ಎಂದು ವಿಚಾರಿಸಿ, ರಕ್ತ ತೆಗೆಸಿದಳು. ಮುಂದಿನ ವಾರ ಕರೆದು ಎದುರು ಕೂರಿಸಿಕೊಂಡಳು.

"ದೋಷ ನಿನ್ನ ಹೊಟ್ಟೀದಲ್ಲವ್ವಾ, ರಕ್ತದ್ದು. ಸವಾಯಿ ರೋಗ ಅಂತಾರ, ನಾವು ಸಿಫಿಲಿಸ್ ಅಂತೀವಿ. ಗಂಡನಿಂದ ನಿನಗ, ನಿನ್ನಿಂದ ಕೂಸಿಗೆ. ಹುಣ್ಣು ಮಾಯ್ತದ, ಕಲೆ ಹೋಗ್ತದ, ರೋಗ ಮಾತ್ರ ಒಳಗೇ ಕೂತಿರ್ತದ. ರಕ್ತ ನೋಡಿದರೇ ತಿಳಿಯೂದು. ಸೂಜಿಗೆ ವಾಸಿ ಆಗ್ತದ. ಆದರ ಅವನೂ ಬರಬೇಕು."

ಲಿಂಗಕ್ಕ ಅಳಲಿಲ್ಲ. ಅವನಿಗೆ ನನ್ನ ತಂಗಿಯನ್ನು ಕೊಡುತ್ತಿದ್ದಾರೆ, ಅವಳ ಗತಿಯೇನು ಎಂದಷ್ಟೇ ಕೇಳಿದಳು. ಅವಳಿಗೂ ಇದೇ ಎಂದಳು ಡಾಕ್ಟರಮ್ಮ. ಲಿಂಗಕ್ಕ ಅಂದೇ ತನ್ನ ಸೂಜಿ ಹಾಕಿಸಿಕೊಂಡು ಬಂದಳು.

ಮನೆಯಲ್ಲಿ ಹೇಳಿದ್ದಕ್ಕೆ ಅತ್ತೆ ಕೆಂಡವಾದಳು. "ತಾಯಿ ಕೂತೆದ್ದ ಮೈ ಅದು. ಅದಕ್ಕ ಸೂಜಿ ಚುಚ್ಚಿಸ್ತಿಯೇನು? ಮಕ್ಕಳನ್ನ ನುಂಗಿದ್ದು ಸಾಲದಾಗಿ ಗಂಡನ್ನೂ ನುಂಗ್ತೀಯ?" ಮಾರೆಪ್ಪ ಎದ್ದು ಕುರಿಹಟ್ಟಿಯ ಕಡೆ ನಡೆದ.

ವೀಳ್ಯದ ದಿನ ಭೀಮಲಿಂಗಪ್ಪನ ಅಂಗಳದಲ್ಲಿ ಕಂಬಳಿ ಹಾಸಿತ್ತು. ಊರ ಹಿರಿಯ ಹಾಲಸ್ವಾಮಿ ಎಲೆಯಡಿಕೆಯ ತಟ್ಟೆಗೆ ಕೈ ಚಾಚುವಷ್ಟರಲ್ಲಿ ಲಿಂಗಕ್ಕ ಒಳಗಿನಿಂದ ಬಂದು ತಟ್ಟೆಯನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು.

"ಮೂರು ಮಕ್ಕಳನ್ನ ಮಣ್ಣಿಗಿ ಕೊಟ್ಟೀನಿ. ತಂಗೀನ್ನ ಕೊಡಂಗಿಲ್ಲ. ಮೊದಲು ಇವನ ರಕ್ತ ನೋಡಿಸ್ರಿ."

ಡಾಕ್ಟರಮ್ಮ ಹೇಳಿದ್ದನ್ನು ಒಂದನ್ನೂ ಬಿಡದೆ ಹೇಳಿದಳು, ರೋಗದ ಹೆಸರನ್ನೂ ಹೇಳಿದಳು. ಹಾಲಸ್ವಾಮಿ ಕಿವಿ ಮುಚ್ಚಿಕೊಂಡು, ಪರುವು ಪೋಯಿಂದಿ, ಮಾನ ಹೋಯಿತು, ಹೆಂಗಸರ ಬಾಯಲ್ಲಿ ಇಂಥ ಮಾತು ಬಂದರೆ ಮರ್ಯಾದೆ ಉಳಿದ ಹಾಗೇ ಎಂದ. ಗಾದಿಲಿಂಗಮ್ಮ ಮಾರೆಮ್ಮನನ್ನು ಕೂಗಿದಳು. ಅಷ್ಟರಲ್ಲಿ ಹೊಸ ಸೀರೆಯುಟ್ಟ ಶಂಕರಮ್ಮ ಹೊಸ್ತಿಲಿಗೆ ಬಂದು ನಿಂತಳು.

"ಮಾವಾ, ನಿನ್ನ ಬಾಯಿಲೇ ಹೇಳು. ಅಕ್ಕ ಸುಳ್ಳು ಹೇಳ್ತಾಳೇನು?"

ಮಾರೆಪ್ಪ ಮುಚ್ಚಿಕೊಂಡಿದ್ದ ಅಂಗೈಯನ್ನು ಬಿಡಿಸಿ ನೋಡಿದ. ಮಾತಾಡಿದ್ದು ತಾಯಿಯ ಜೊತೆ.

"ಅವ್ವಾ, ಬಳ್ಳಾರ್ಯಾಗ ನಾ ಎಲ್ಲೆಲ್ಲಿ ಹೋಗಿದ್ದೆ ಅಂತ ನನಗ ಗೊತ್ತಿತ್ತು. ಕಲೆ ಎದ್ದಾಗ ಆದೋನಿ ಬಸ್ಸಿಗಿ ನಿಂತಿದ್ದೆ. ನೀನಾ ಕೈ ಹಿಡಿದು ತಿರುಗಿಸ್ಕೊಂಡು ಬಂದಿ. ನನಗೂ ಅದಾ ಬೇಕಾಗಿತ್ತು."

ಭೀಮಲಿಂಗಪ್ಪ ಮಗಳ ಮಡಿಲಿನಿಂದ ತಟ್ಟೆ ತೆಗೆದುಕೊಂಡು ಒಳಗಿಟ್ಟು ಬಂದ. ವೀಳ್ಯ ಅಲ್ಲಿಗೇ ಮುಗಿಯಿತು.

ಮರುದಿನ ಗಾದಿಲಿಂಗಮ್ಮ ಉಣ್ಣೆ ಮುಟ್ಟಲಿಲ್ಲ. ಆ ಸೂಜಿ ಆಗಲೇ ಹಾಕಿಸಿದ್ದರೆ ಕೂಸುಗಳು ಉಳಿಯುತ್ತಿದ್ದವೇ ಎಂದು ಸೊಸೆಯನ್ನು ಕೇಳಿದಳು. ಲಿಂಗಕ್ಕ ಬುತ್ತಿ ಕಟ್ಟಿಕೊಂಡು ಹೊರಟಳು. ಮಾರೆಪ್ಪ ತಲೆಗೆ ಟವೆಲು ಮುಚ್ಚಿಕೊಂಡು ಹಿಂದೆ ಬಂದ. ಮುದುಕಿ ಈ ಸಲ ಕೈ ಹಿಡಿಯಲಿಲ್ಲ.

ಆದೋನಿ ಬಸ್ಸಿನಲ್ಲಿ ಅವನು ಮೆಲ್ಲಗೆ ಕೇಳಿದ:

"ಸೂಜಿ ಭಾಳ ನೋಯ್ತೈತೇನು?"

"ನೋಯ್ತೈತಿ," ಎಂದಳು ಲಿಂಗಕ್ಕ. "ಕೂಸಿನ ಮ್ಯಾಲ ಮಣ್ಣು ಎಳೆದಷ್ಟು ನೋಯಂಗಿಲ್ಲ."