ನೀನು ಕಟ್ಟಿದ್ದು, ನೀವು ಬಿಚ್ಚಿದ್ದು

ಅರಕಲಗೂಡಿನ ಸಂತೆಮಾಳದ ಹಿಂದಿರುವ ನಮ್ಮ ಚರ್ಚಿನಲ್ಲಿ ಇರುವುದು ತಗಡಿನ ಸೂರು, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ ಮತ್ತು ಪಾಸ್ಟರ್ ರವೀಂದ್ರ. ಇವುಗಳಲ್ಲಿ ಹೆಚ್ಚು ಸದ್ದು ಯಾವುದರದೆಂದು ಜೋರು ಮಳೆ ಬಂದ ದಿನ ಮಾತ್ರ ಅನುಮಾನ ಬರುತ್ತದೆ.

ಹಾಸನದಿಂದ ವರ್ಗವಾಗಿ ಬಂದ ಹೊಸದರಲ್ಲೇ ರವೀಂದ್ರ ಅವರು ಮಾದಮ್ಮನ ತಮಟೆಯನ್ನು ಕಟ್ಟಿಹಾಕಿದರು. ಮಾತಿಗೆ ಹೇಳುತ್ತಿಲ್ಲ. ಹಳದಿ ನೈಲಾನ್ ಹಗ್ಗದಲ್ಲಿ ಅಡ್ಡಡ್ಡ ಉದ್ದುದ್ದ ಬಿಗಿದು, ಪ್ರಸಂಗಪೀಠದ ಹಿಂದಿನ ಮೊಳೆಗೆ ನೇತುಹಾಕಿದರು.

"ಯೇಸುಸ್ವಾಮಿ ತಮ್ಮ ಶಿಷ್ಯ ಪೇತ್ರನಿಗೆ ಪರಲೋಕದ ಬೀಗದ ಕೈ ಕೊಟ್ಟು, ಭೂಮಿ ಮೇಲೆ ನೀನು ಕಟ್ಟಿದ್ದು ಮೇಲೂ ಕಟ್ಟಿರುತ್ತೆ ಅಂದರು. ಆ ಅಧಿಕಾರದಿಂದ ಇದನ್ನ ಕಟ್ಟಿದ್ದೇನೆ. ಸಾವಿನ ಮನೆ ಮುಂದೆ ಬಡಿದ ಚರ್ಮ ದೇವರ ಮನೆಗೆ ಬೇಡ."

ಆ ತಮಟೆ ಮಾದಮ್ಮನ ಗಂಡ ಗುಂಡಯ್ಯನದು. ಅವನು ತೀರಿಕೊಂಡ ಮೇಲೆ ಭಾನುವಾರದ ಹಾಡಿಗೆ ಅವಳೇ ಬಾರಿಸುತ್ತಿದ್ದಳು. ಈಗ ಮಗಳು ಶಾಂತಿಗೆ ದಂಡಿಗನಹಳ್ಳಿಯ ಕೀರ್ತಿರಾಜ್ ಜತೆ ಮದುವೆ ಗೊತ್ತಾಗಿತ್ತು. ಹೆಣ್ಣುಗಂಡು ಚರ್ಚಿನಿಂದ ಹೊರಗೆ ಬರುವಾಗ ಅಪ್ಪನ ತಮಟೆ ಮೊಳಗಬೇಕು. ಮಾದಮ್ಮ ಕೇಳಿದ್ದು ಅಷ್ಟೇ.

"ಸಾ, ಊರೋರ್ ಸಾವ್ಗೂ ಊರೋರ್ ಮದ್ವೇಗೂ ಕರ್ದಾಗೆಲ್ಲ ಓಗಿ ಬಡುದ್ರು ನಮ್ಮೋರು. 'ನಿಲ್ಸಲಾ' ಅಂದ್ರೆ ನಿಲ್ಸುದ್ರು. ನಮ್ ಮನೆ ಸಂತೋಸಕ್ಕೆ ಒಂದ್ಸಲಾನೂ ಬಡೀನಿಲ್ಲ. ನನ್ ಮದ್ವೆ ದಿನವೂ ಗುಂಡಯ್ಯ ಇನ್ಯಾರ್ದೋ ಮದ್ವೇಲಿ ಬಡೀತಿದ್ದ. ತಾಳಿ ಕಟ್ಟಾಕೆ ಬಂದಾಗ ಊಟಾನೇ ಮುಗ್ದೋಗಿತ್ತು."

"ಕೀಬೋರ್ಡ್ ಇದೆಯಲ್ಲಮ್ಮ."

"ಅದ್ಕೆ ಕರೆಂಟ್ ಬೇಕಲ್ಲ ಸಾ."

ರುದ್ರಯ್ಯ ನಮ್ಮ ಸಭೆಯ ಹಿರಿಯ. ಮೊದಲು ಬಸ್ ಕಂಡಕ್ಟರ್ ಆಗಿದ್ದವನು. ಯಾವ ಕಾಗದವನ್ನೂ ಎರಡು ಸಲ ನೋಡದೆ ಬಿಡುವವನಲ್ಲ.

"ಪಾಸ್ಟರೇ, ಬೈಬಲ್ನಾಗೆ ಇನ್ನೆಲ್ಡು ಅಧ್ಯಾಯ ದಾಟಿದ್ರೆ ಅದೇ ಮಾತು 'ನೀವು ಕಟ್ಟಿದ್ದು' ಅಂತ ಐತಲ್ಲ?"

"ಅದು ಮರ್ಯಾದೆ ರುದ್ರಯ್ಯ. ಪೇತ್ರ ಮೊದಲು ಮೀನು ಹಿಡಿಯೋನು, ಅದಕ್ಕೆ ನೀನು. ಬೀಗದ ಕೈ ಬಂದ ಮೇಲೆ ನೀವು."

ಇದರಲ್ಲಿ ತಪ್ಪು ಹುಡುಕುವುದು ನಮ್ಮ ಕಡೆಯವರಿಗೆ ಕಷ್ಟ. ನಿನ್ನೆಯವರೆಗೆ 'ಲೇ' ಎನಿಸಿಕೊಂಡವನು ಪಂಚಾಯ್ತಿ ಮೆಂಬರಾದ ಬೆಳಿಗ್ಗೆಯೇ 'ನೀವು' ಆಗುವುದನ್ನು ಎಲ್ಲರೂ ಕಂಡಿದ್ದೇವೆ. ರುದ್ರಯ್ಯ ಕೂತ.

ಮದುವೆಯ ಹಿಂದಿನ ದಿನ, ಭಾನುವಾರ, ಪಾಸ್ಟರ್ ತಾವಾಗಿಯೇ ಒಬ್ಬ ಅತಿಥಿಯನ್ನು ಕರೆಸಿದ್ದರು. ನೀಲಾಂಬಿಕೆ ಮೇಡಂ, ದೇವಶಾಸ್ತ್ರದ ಕಾಲೇಜಿನಲ್ಲಿ ಹೀಬ್ರೂ, ಗ್ರೀಕ್ ಕಲಿಸುವವರು. "ಅಧಿಕಾರ ಅಂದರೆ ಏನು ಅಂತ ಇವರಿಗೆ ಸ್ವಲ್ಪ ತಿಳಿಸಿ ಮೇಡಂ," ಎಂದು ಪೀಠ ಬಿಟ್ಟುಕೊಟ್ಟರು.

ಮೇಡಂ ಮೊದಲು ಮೊಳೆಯ ಕಡೆ ನೋಡಿದರು. "ಇದೇನು?"

"ಕಟ್ಟಿದ್ದು ಮೇಡಂ."

"ಹಗ್ಗದಲ್ಲೇ ಕಟ್ಟಿದ್ದನ್ನ ಇದೇ ಮೊದಲು ನೋಡ್ತಿರೋದು," ಎಂದವರು ನಮ್ಮ ಕಡೆ ತಿರುಗಿದರು. "ಯೇಸು ಯೆಹೂದಿ. ಯೆಹೂದಿ ಗುರುಗಳ ಮಾತಿನಲ್ಲಿ ಕಟ್ಟೋದು ಅಂದರೆ 'ಇದು ಕೂಡದು' ಅನ್ನೋದು. ಬಿಚ್ಚೋದು ಅಂದರೆ 'ಆಗಬಹುದು' ಅನ್ನೋದು. ಒಬ್ಬ ಗುರುವಿನ ಶಿಷ್ಯರು ಕಟ್ಟಿದ್ದನ್ನ ಇನ್ನೊಬ್ಬರ ಶಿಷ್ಯರು ಬಿಚ್ಚುತ್ತಿದ್ದರು. ಆದರೆ ಕಾರಣ ಕೊಡಬೇಕು, ಯಾವ ಗುರುವಿಂದ ಕೇಳಿದ್ದು ಅಂತ ಹೇಳಬೇಕು, ಎದುರು ಕೂತವರ ವಾದ ಕೇಳಬೇಕು. ಒಂದು ಸಲ ಆಕಾಶವಾಣಿಯೇ ಒಬ್ಬ ಗುರುವಿನ ಪರ ನುಡೀತಂತೆ..."

"ಆಸ್ನದ್ ಆಕಾಶವಾಣೀನಾ?" ಎಂದಳು ಮಾದಮ್ಮ.

"ಅದಕ್ಕಿಂತ ಸ್ವಲ್ಪ ಮೇಲಿನದು. ಆದರೂ ಉಳಿದ ಗುರುಗಳು ಒಪ್ಪಲಿಲ್ಲ. ಧರ್ಮಶಾಸ್ತ್ರ ನಮ್ಮ ಕೈಗೆ ಕೊಟ್ಟಾಗಿದೆ, ಇನ್ನು ತೀರ್ಮಾನ ಕೂತು ಮಾತಾಡೋರದು ಅಂದರು. ದೇವರು ನಕ್ಕು, ಮಕ್ಕಳು ನನ್ನನ್ನ ಗೆದ್ದುಬಿಟ್ಟರು ಅಂದನಂತೆ."

ರುದ್ರಯ್ಯ ಮತ್ತೆ ಎದ್ದ. "ಮೇಡಮ್ಮೋರೇ, ಆ 'ನೀವು ಕಟ್ಟಿದ್ದು' ಅನ್ನಾದು ಮರ್ಯಾದೆದಾ?"

ಪಾಸ್ಟರ್ ನೀರಿನ ಬಾಟಲಿಗೆ ಕೈ ಹಾಕಿದರು.

"ಅದನ್ನ ಬರೆದಿರೋ ಗ್ರೀಕ್ ಭಾಷೆಯಲ್ಲಿ ಮರ್ಯಾದೆಯ ಬಹುವಚನವೇ ಇಲ್ಲ. ದೊರೆಗೂ ನೀನೇ, ದೇವರಿಗೂ ನೀನೇ. ನೀವು ಅಂದರೆ ಕೂತಿರೋರೆಲ್ಲ."

ಮಾದಮ್ಮ ನಿಧಾನವಾಗಿ ಎದ್ದಳು. "ಅಂಗಾರೆ ಆ ನೀವು... ನಾವಾ?"

"ನೀವೇ."

ಮಾದಮ್ಮ ಪಾಸ್ಟರ್ ಕಡೆ ತಿರುಗಿದಳು. "ತಮಟೆ ಕೂಡ್ದು ಅಂತ ಯಾವ್ ಗುರುಗಳು ಏಳುದ್ರು ಸಾ?"

ಬಾಟಲಿಯ ಮುಚ್ಚಳ ಬಹಳ ಹೊತ್ತು ತಿರುಗಿತು. "ಯಾರೂ ಹೇಳಲಿಲ್ಲಮ್ಮ," ಎಂದರು ರವೀಂದ್ರ, ನಾವು ಅವರಿಂದ ಕೇಳಿರದಷ್ಟು ಸಣ್ಣ ದನಿಯಲ್ಲಿ. "ನಮ್ಮಪ್ಪನೂ ಬಡೀತಿದ್ದ. ಸ್ಕೂಲಲ್ಲಿ ಹುಡುಗರು ನನ್ನ ನೋಡಿದರೆ ಡೆಸ್ಕ್ ಬಡಿಯೋರು."

"ನಮ್ಮೋರೇ ಆಗಿ ಇಂಗ್ ಮಾಡದಾ! ಮೊದ್ಲೇ ಏಳ್ಬಾರ್ದಾ ಮಗ," ಎಂದಳು ಮಾದಮ್ಮ. 'ಸಾ' ಎಲ್ಲಿ ಬಿದ್ದುಹೋಯಿತೋ ಅವಳಿಗೇ ಗೊತ್ತಿರಲಿಲ್ಲ.

ಬಿಚ್ಚಬೇಕು ಎನ್ನುವವರು ಕೈ ಎತ್ತಿ ಎಂದ ರುದ್ರಯ್ಯ. ತೊಟ್ಟಿಲ ಕೂಸಿನದೊಂದು ಬಿಟ್ಟು ಎಲ್ಲರ ಕೈಗಳೂ ಮೇಲಿದ್ದವು. ಪಾಸ್ಟರದೂ.

ಗಂಟು ಮಾತ್ರ ಸಭೆಯ ತೀರ್ಮಾನಕ್ಕೆ ಜಗ್ಗಲಿಲ್ಲ. ರುದ್ರಯ್ಯ ಚಾಕು ತಂದ.

"ಕುಯ್ಬ್ಯಾಡ್ರಲಾ," ಎಂದಳು ಮಾದಮ್ಮ. "ಅಗ್ಗ ಗಟ್ಟಿಯಾಗೈತೆ. ಎಮ್ಮೆ ಕಟ್ಟಾಕಾಯ್ತದೆ."

ಪಾಸ್ಟರ್ ಉಗುರು ಹಾಕಿದರು, ಕೊನೆಗೆ ಹಲ್ಲೂ ಹಾಕಿದರು. ಹಗ್ಗ ಸಡಿಲವಾಗಿ ಕಾಲ ಬಳಿ ಬಿತ್ತು.

"ಬಿಚ್ಚಿದ್ದೇನೆ," ಎಂದರು ಏದುಸಿರು ಬಿಡುತ್ತ.

"ಬಿಚ್ಚಿದ್ದೀವಿ ಅನ್ನು," ಎಂದಳು ಮಾದಮ್ಮ.

"ಬಿಚ್ಚಿದ್ದೀವಿ."

ಸೋಮವಾರ ಚರ್ಚಿನ ಮುಂದೆ ತೆಂಗಿನಗರಿ ಉರಿಸಿ ಚರ್ಮ ಕಾಯಿಸಿದ್ದು ಪಾಸ್ಟರೇ; ಎಷ್ಟು ಕಾಯಬೇಕೆಂದು ಅವರ ಕೈಗೆ ಗೊತ್ತಿತ್ತು. ಶಾಂತಿ, ಕೀರ್ತಿರಾಜ್ ಬಾಗಿಲು ದಾಟುತ್ತಿದ್ದಂತೆ ಮಾದಮ್ಮ ಬಾರಿಸತೊಡಗಿದಳು. ಅಂಗಡಿಗಳಿಂದ ಜನ ಹೊರಗೆ ಬಂದರು. ರಸ್ತೆ ತುಂಬಿತು. ಹೊಳೆನರಸೀಪುರದ ಬಸ್ಸು ಬಂದು ಹಾರ್ನ್ ಒತ್ತಿ ಒತ್ತಿ ಸೋತಿತು.

"ನಿಲ್ಸಮ್ಮೋ, ಟೈಮಾಯ್ತು!" ಡ್ರೈವರ್ ಕೂಗಿದ.

"ಇದು ನಾವ್ ಬಿಚ್ಚಿರಾದು ಕಣಪ್ಪ," ಕೈ ನಿಲ್ಲಿಸದೆಯೇ ಹೇಳಿದಳು ಮಾದಮ್ಮ. "ನಾವ್ ನಿಲ್ಸ್‌ದಾಗ್ಲೇ ನಿಲ್ಲಾದು."

ಡ್ರೈವರ್ ಎಂಜಿನ್ ಆಫ್ ಮಾಡಿದ.