ಅರ್ಧ ಹಸಿರು, ಅರ್ಧ ಬಿಳಿ

ಗಾರೆ ಮೇಸ್ತ್ರಿ ಚಿಮಣಿಯ ಬಣ್ಣ ಕೆರೆದು ಕರಣೆಯ ತುದಿಯನ್ನು ಸುಮ್ಮನೆ ಒತ್ತಿದ್ದಷ್ಟೇ, ಅದು ಹಿಡಿಯವರೆಗೂ ಒಳಗೆ ಹೋಯಿತು. ತಾರಸಿಯ ಮೇಲೆ ಪಕ್ಕದಲ್ಲೇ ನಿಂತಿದ್ದ ಲಾಂಡ್ರಿಯವನು ಹೌಹಾರಿದ. ಇಟ್ಟಿಗೆ ಅಂದುಕೊಂಡಿದ್ದದ್ದು ಕೆಂಪು ಹಿಟ್ಟಾಗಿ ಅವನ ಕಾಲಬುಡಕ್ಕೆ ಸುರಿಯತೊಡಗಿತ್ತು.

"ಅಯ್ಯಯ್ಯೋ! ಹೊರಗೆ ಇಷ್ಟು ಚೆನ್ನಾಗಿದೆಯಲ್ಲಯ್ಯಾ!"

"ಚೆನ್ನಾಗಿರೋದು ಬಣ್ಣ, ಸ್ವಾಮಿ. ಅಣ್ಣ ತಮ್ಮ ಇಬ್ರೂ ಸೇರಿ ವರ್ಷ ವರ್ಷ ಎಣ್ಣೆ ಬಣ್ಣ ಬಳಿದು ಇದರ ಉಸಿರು ಕಟ್ಟಿಸಿದ್ದೀರಿ. ಒಳಗೆ ಇಳಿದ ನೀರು ಹೊರಗೆ ಬರೋಕೆ ದಾರಿ ಕಾಣದೆ ಇಟ್ಟಿಗೇನೇ ತಿಂದುಹಾಕಿದೆ."

"ಸೇರಿ" ಅನ್ನುವ ಮಾತಿಗೆ ತಮ್ಮನಾದ ಲಾಂಡ್ರಿಯವನಿಗೆ ಮೈಯೆಲ್ಲ ಉರಿಯಿತು. ಅಣ್ಣನೂ ಅವನೂ ಸೇರಿ ಮಾಡಿದ ಕೆಲಸ ಯಾವುದಂತೆ? ಅಪ್ಪ ಹೋದ ಮೇಲೆ ಈ ಚಿಮಣಿಗೆ ಬಿಳಿ ಬಳಿಯೋಣ ಎಂದು ಅಣ್ಣ, ಹಸಿರೇ ಆಗಬೇಕೆಂದು ಇವನು. ಇಂಥ ಘನಂದಾರಿ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಮನೆಯೇ ಎರಡಾಯಿತು. ಕೋಣೆಗಳ ನಡುವೆ ಗೋಡೆ ಎದ್ದಿತು. ಎರಡೂ ಕಡೆಯ ಒಲೆಗಳ ಹೊಗೆಗೆಂದು ಒಳಗೆ ನಡುಗೋಡೆ ಇಟ್ಟು ಕಟ್ಟಿದ್ದ ಒಂದೇ ಚಿಮಣಿಯನ್ನು ಸೀಳಲಾದೀತೇ? ದಾರ ಹಿಡಿದು ಗೆರೆ ಎಳೆದು ಈ ಕಡೆ ಹಸಿರು, ಆ ಕಡೆ ಬಿಳಿ ಬಳಿದುಕೊಂಡರು. ನಡುವಿನ ಬೆರಳಗಲದ ಜಾಗಕ್ಕೆ ಮಾತ್ರ ಇಬ್ಬರ ಕುಂಚವೂ ಹೋಗಲಿಲ್ಲ. ಗೆರೆ ದಾಟಿದೆ ಎಂದು ಇನ್ನೊಬ್ಬ ರಂಪ ಎಬ್ಬಿಸಿದರೆ ಯಾರಿಗೆ ಬೇಕು! ನೀರು ಇಳಿದದ್ದು ಅಲ್ಲಿಂದಲೇ.

ಮೇಲಿನಿಂದ ಇಟ್ಟಿಗೆ ಬೀದಿಗೆ ಬಿದ್ದು ಜನ ಬಾಯಿ ಮಾಡಿದ್ದಕ್ಕೆ ತಮ್ಮ ಮೇಸ್ತ್ರಿಯನ್ನು ಕರೆಸಿದ್ದ, ಅದೂ ತನ್ನ ಅರ್ಧಕ್ಕೆ ಮಾತ್ರ. "ಅರ್ಧ ಚಿಮಣಿ ರಿಪೇರಿ ಅಂದ್ರೆ ಅರ್ಧ ಮೂಗು ಸೀನಿದ ಹಾಗೆ," ಎಂದು ಮೇಸ್ತ್ರಿ ನಗುತ್ತಲೇ ಮೇಲೆ ಹತ್ತಿದ್ದ. ಈಗ ಅವನ ಮುಖದಲ್ಲಿ ನಗೆ ಇರಲಿಲ್ಲ. ಹಸಿರು ಬದಿಯ ಬಾಯಿಯ ಮೇಲೆ ಅಂಗೈ ಹಿಡಿದು ನೋಡಿದ.

"ಕೆಳಗೆ ಒಲೆ ಆರಿಸಿದ್ದೀರಾ?"

"ಎಲ್ಲಿ ಆರಿಸೋದು? ಬೆಳಗ್ಗೆಯಿಂದ ಬಟ್ಟೆ ಬೇಯ್ತಾ ಇದೆ."

"ಮತ್ತೆ ಹೊಗೆ ಎಲ್ಲಿ?"

ತಮ್ಮ ಬಗ್ಗಿ ನೋಡಿದ. ಚಿಮಣಿಯ ಬಾಯಲ್ಲಿ ಹೊಗೆಯ ಸುಳಿವೇ ಇಲ್ಲ. ಕೆಳಗೆ ಲಾಂಡ್ರಿಯಲ್ಲೂ ಹೇಳಿಕೊಳ್ಳುವಂಥ ಹೊಗೆ ಇರಲಿಲ್ಲ. ಮೇಸ್ತ್ರಿ ಟಾರ್ಚ್ ಬೆಳಕು ಬಿಟ್ಟು ಒಳಗೆ ಬಗ್ಗಿದವನು ಗಾಬರಿಯಿಂದ ತಲೆಯೆತ್ತಿದ.

"ನಿಮ್ಮ ಕಡೆ ಇಟ್ಟಿಗೆ ಬಿದ್ದು ಮೇಲಿನ ದಾರಿ ಕಟ್ಟಿಹೋಗಿದೆ. ಒಳಗಿನ ನಡುಗೋಡೆ ಕುಸಿದಿದೆ. ಆ ಕಡೆ ಬಾಯಿಗೆ ನಿಮ್ಮಣ್ಣ ಚಪ್ಪಡಿ ಮುಚ್ಚಿದ್ದಾರೆ. ಸ್ವಾಮಿ, ನಿಮ್ಮ ಹೊಗೆಯೆಲ್ಲ ಅವರ ಹಳೇ ಒಲೆಯಿಂದ ಅವರ ಕೋಣೆಗೆ ಇಳೀತಿದೆ!"

ತಮ್ಮನಿಗೆ ಆಗ ಹೊಳೆಯಿತು. ಅಣ್ಣನ ಕೆಮ್ಮು! ಇವನು ಒಲೆ ಹೊತ್ತಿಸಿದಾಗಲೆಲ್ಲ ಗೋಡೆಯಾಚೆ ಶುರುವಾಗುತ್ತಿದ್ದ ಕೆಮ್ಮು. ತನ್ನನ್ನು ಕೆಣಕಲಿಕ್ಕೇ ಕೆಮ್ಮುತ್ತಾನೆ ಎಂದುಕೊಂಡು, "ಹಾಕೇ ಇನ್ನಷ್ಟು ಸೌದೆ, ಗಂಟಲು ಹರಿಯಲಿ," ಎಂದು ಹೆಂಡತಿಗೆ ಹೇಳಿ ನಕ್ಕಿದ್ದ. ಈ ಬೆಳಗ್ಗೆ ಕೆಮ್ಮು ಜೋರಾಗಿ ಎದ್ದು ಥಟ್ಟನೆ ನಿಂತುಬಿಟ್ಟಿತ್ತು. ಅಂತೂ ಸೋತ ಎಂದು ಹಿಗ್ಗಿಕೊಂಡೇ ಏಣಿ ಹತ್ತಿದ್ದ, ಪುಣ್ಯಾತ್ಮ.

"ಒಲೆಗೆ ನೀರು ಸುರಿಯೇ! ನೀರು ಸುರಿ!"

ಹೆಂಡತಿಗೆ ಕೂಗುತ್ತ ಏಣಿ ಇಳಿದದ್ದೋ ಬಿದ್ದದ್ದೋ ಅವನಿಗೇ ತಿಳಿಯಲಿಲ್ಲ. ಒಂದೇ ಚಪ್ಪಲಿಯಲ್ಲಿ ಬೀದಿ ಸುತ್ತಿಕೊಂಡು ಅಣ್ಣನ ಬಾಗಿಲಿಗೆ ಓಡಿದ. ತಟ್ಟಿದ, ಗುದ್ದಿದ.

"ಅಣ್ಣಾ! ಬಾಗಿಲು ತೆಗಿಯಣ್ಣಾ!"

ಎಷ್ಟೋ ವರ್ಷಗಳಿಂದ ನಾಲಗೆಗೆ ಬಾರದಿದ್ದ ಮಾತು ತಾನಾಗಿ ಬಂದಿತ್ತು. ಒಳಗಿನಿಂದ ಸದ್ದಿಲ್ಲ. ಹಿಂದೆಯೇ ಓಡಿಬಂದ ಮೇಸ್ತ್ರಿಯೂ ಇವನೂ ಭುಜ ಕೊಟ್ಟು ನೂಕಿದಾಗ ಚಿಲಕ ಕಿತ್ತು ಬಂತು.

ಕೋಣೆ ತುಂಬ ಹೊಗೆ. ತಮ್ಮನ ಮುಖ ಕಾಣಬಾರದೆಂದು ಕಿಟಕಿಗಳಿಗೆಲ್ಲ ಹಲಗೆ ಬಡಿದಿತ್ತು. ಮದುವೆ ಮಕ್ಕಳಿಲ್ಲದ ಒಂಟಿ ಜೀವ, ಗಡಿಯಾರ ರಿಪೇರಿಯ ಮೇಜಿನ ಕೆಳಗೆ ಮುದುಡಿ ಬಿದ್ದಿತ್ತು. ಇಬ್ಬರೂ ಅವನನ್ನು ಬೀದಿಗೆ ಎಳೆದು ತಂದರು.

"ಉಸಿರಾಡಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಉಸಿರಾಡು," ಎಂದು ತಮ್ಮ ಎದೆ ತಿಕ್ಕಿದ. ಅವನ ಹೆಂಡತಿ ನೀರಿನ ಚೊಂಬು ಹಿಡಿದು ಓಡಿಬಂದು, "ಭಾವಾ, ಕಣ್ಣು ಬಿಡಿ ಭಾವಾ," ಎಂದು ಮುಖಕ್ಕೆ ಚಿಮುಕಿಸಿದಳು.

ಬಹಳ ಹೊತ್ತಾದ ಮೇಲೆ ಅಣ್ಣ ಕೆಮ್ಮಿದ. ತಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಚಿಮಣಿಯೊಳಗಿನ ನಡುಗೋಡೆ ಬಿದ್ದುಹೋಗಿದೆ ಅಣ್ಣಾ. ದೇವರಾಣೆ ಗೊತ್ತಿರಲಿಲ್ಲ."

ಅಣ್ಣ ಅವನ ಮುಖವನ್ನೇ ನೋಡಿದ. "ಅದಾಗೇ ಬಿತ್ತಾ?"

"ಅದಾಗೇ. ಇನ್ಯಾರು ಬೀಳಿಸ್ತಾರೆ?"

"ನೀನೇ ಒಡೆದು ಹೊಗೆ ಬಿಡ್ತಿದ್ದೀಯ ಅಂದ್ಕೊಂಡಿದ್ದೆ ಕಣೋ."

ತಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ನಾನಾ? ನಿನ್ನ ಸಾಯಿಸೋಕಾ? ಹಾಗನ್ನಿಸಿದ ಮೇಲೆ ಬಾಗಿಲು ತೆಗೆದು ಹೊರಗೆ ಬರಬಾರದಾಗಿತ್ತಾ?"

ಅಣ್ಣ ಕಣ್ಣು ಮುಚ್ಚಿಕೊಂಡ.

"ಒಡಹುಟ್ಟಿದೋನೇ ನಾನು ಬೇಡ ಅಂದ ಮೇಲೆ, ಹೊರಗೆ ಬಂದು ಯಾರ ಹತ್ರ ಹೋಗ್ಲಿ?"